ಬೀರುವಿನೊಳಗಿನ ಡಿಜಿಟಲ್ ಲಾಕರ್: ಕೊಳ್ಳುವಾಗ ನೋಡಬೇಕಾದ್ದು, ತಂದಮೇಲೆ ಬಚ್ಚಿಡಬೇಕಾದ್ದು

ನಂಬರ್ ಒತ್ತಿ ತೆರೆಯುವ, ಬೀರುವಿನ ಒಂದು ಅರೆಯಲ್ಲಿ ಕೂರುವ ಉಕ್ಕಿನ ಪೆಟ್ಟಿಗೆಗೆ ಈಗ ಎಲ್ಲ ಊರಲ್ಲೂ ಡಿಜಿಟಲ್ ಲಾಕರ್ ಎಂದೇ ಹೆಸರು. 15ರಿಂದ 30 ಲೀಟರ್ ಅಳತೆ, ಹತ್ತು ಹದಿನೈದು ಕೆಜಿ ತೂಕ. ಈ ವರ್ಗದ ಪೆಟ್ಟಿಗೆಗಳಲ್ಲಿ ಬ್ರ್ಯಾಂಡ್ ಬದಲಾದರೂ ಒಳಗಿನ ರಚನೆ ಹೆಚ್ಚುಕಡಿಮೆ ಒಂದೇ. ಆದ್ದರಿಂದ ಯಾವ ಕಂಪನಿಯದು ಮೇಲು ಎನ್ನುವುದಕ್ಕಿಂತ, ಈ ಪೆಟ್ಟಿಗೆ ಎಷ್ಟರಮಟ್ಟಿಗೆ ಕೆಲಸ ಮಾಡುತ್ತದೆ, ಎಲ್ಲಿ ಕೈಕೊಡುತ್ತದೆ ಎಂದು ನೋಡುವುದು ಹೆಚ್ಚು ಉಪಯೋಗ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಬೋಲ್ಟ್ ಹಾಕಿ ಗೋಡೆಗೂ ನೆಲಕ್ಕೂ ಬಿಗಿದ ಲಾಕರ್ ಕೊಟ್ಟ ದುಡ್ಡಿಗೆ ತಕ್ಕ ಕೆಲಸ ಮಾಡುತ್ತದೆ. ಬೋಲ್ಟ್ ಹಾಕದೆ ಸುಮ್ಮನೆ ಬೀರುವಿನಲ್ಲಿ ಇಟ್ಟ ಲಾಕರ್, ಇಲ್ಲದಿರುವುದಕ್ಕಿಂತಲೂ ಕೆಟ್ಟದ್ದು. ಅದಿಲ್ಲದ ಮನೆಯಲ್ಲಿ ಕಳ್ಳ ಸೀರೆಯ ಮಡಿಕೆ, ದೇವರಮನೆ, ಅಕ್ಕಿ ಡಬ್ಬ, ಹಾಸಿಗೆಯ ಅಡಿ ಎಲ್ಲವನ್ನೂ ತಡಕಾಡಬೇಕು. ಲಾಕರ್ ಇದ್ದರೆ ಬೆಲೆಬಾಳುವ ಅಷ್ಟೂ ಒಂದೇ ಕಡೆ ಇದೆ ಎಂದು ಅದೇ ತೋರಿಸಿಕೊಡುತ್ತದೆ. ತುಂಬಿದ ಗ್ಯಾಸ್ ಸಿಲಿಂಡರ್ ಸುಮಾರು 30 ಕೆಜಿ ತೂಗುತ್ತದೆ. ಅದನ್ನು ಹೆಗಲ ಮೇಲಿಟ್ಟು ಮೂರು ಮಹಡಿ ಹತ್ತುವವರನ್ನು ದಿನಾ ನೋಡುತ್ತೇವೆ. 12 ಕೆಜಿ ಪೆಟ್ಟಿಗೆಯನ್ನು ಬೆಡ್‌ಶೀಟಿನಲ್ಲಿ ಸುತ್ತಿ ಒಯ್ಯಲು ಒಬ್ಬ ಸಾಕು. ಬೀಗ ಒಡೆಯುವ ಕೆಲಸ ಆಮೇಲೆ, ಅವನದೇ ಜಾಗದಲ್ಲಿ, ನಿಧಾನವಾಗಿ.

ಈಗ ಪೆಟ್ಟಿಗೆಯನ್ನೇ ನೋಡೋಣ. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಕಾಣುವುದು ಬಾಗಿಲಿನ ತಗಡಿನ ದಪ್ಪ, ನಾಲ್ಕೋ ಐದೋ ಮಿ.ಮೀ. ಪಕ್ಕದ ಮತ್ತು ಹಿಂದಿನ ತಗಡು ಸಾಮಾನ್ಯವಾಗಿ 2 ಮಿ.ಮೀ. ಆಸುಪಾಸು. ಅಂಗಡಿಯಲ್ಲಿ ಬಾಗಿಲು ತೆರೆದು, ಹಿಂಬದಿಯ ಬೋಲ್ಟ್ ತೂತಿನ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿದರೆ ನಿಜವಾದ ದಪ್ಪ ತಿಳಿಯುತ್ತದೆ. ಬಾಗಿಲು ಮುಚ್ಚಿದಾಗ ಸುತ್ತಲೂ ಬಿಡುವ ಸಂದಿ ಎಲ್ಲ ಕಡೆ ಒಂದೇ ಸಮ ಇರಬೇಕು. ಒಂದು ಮೂಲೆಯಲ್ಲಿ ಸ್ಕ್ರೂಡ್ರೈವರಿನ ತುದಿ ನುಗ್ಗುವಷ್ಟು ಅಗಲವಿದ್ದರೆ ಆ ಪೀಸನ್ನು ಬಿಟ್ಟು ಬೇರೆ ಕೇಳಿ. ಮೀಟುವ ಹಾರೆಗೆ ಬೇಕಾದ್ದು ಅಷ್ಟೇ ಜಾಗ.

ಚಿಲಕ ಸರಿಯುವ ರೀತಿ ಎರಡು. ಒಂದರಲ್ಲಿ ಕೋಡ್ ಒತ್ತಿದ ಕೂಡಲೇ ಪುಟ್ಟ ಮೋಟಾರ್ ಚಿಲಕಗಳನ್ನು ತಾನೇ ಎಳೆದುಕೊಳ್ಳುತ್ತದೆ. ಇನ್ನೊಂದರಲ್ಲಿ ಟಕ್ ಎಂಬ ಸದ್ದಾಗುತ್ತದೆ, ಗುಬ್ಬಿಯನ್ನು ನಾವು ತಿರುಗಿಸಬೇಕು. ಈ ಎರಡನೆಯ ಬಗೆಯ ಅಗ್ಗದ ಮಾದರಿಗಳಲ್ಲಿ ಗುಬ್ಬಿಯನ್ನು ತಡೆದು ಹಿಡಿಯುವುದು ಸ್ಪ್ರಿಂಗ್ ಮೇಲೆ ನಿಂತ ಒಂದು ಸಣ್ಣ ಪಿನ್ನು. ಅದನ್ನು ಎಳೆಯುವುದು ಸೊಲೆನಾಯ್ಡ್ ಎಂಬ ವಿದ್ಯುತ್ ಸುರುಳಿ. ಪೆಟ್ಟಿಗೆ ಜೋರಾಗಿ ಅದುರಿದರೆ ಆ ಪಿನ್ನು ಒಂದು ಕ್ಷಣ ಜಿಗಿಯಬಹುದು, ಅದೇ ಇದರ ದೌರ್ಬಲ್ಯ. ಸಾವಿರ ರೂಪಾಯಿ ಹೆಚ್ಚಾದರೂ ಮೋಟಾರ್ ಚಿಲಕದ್ದೇ ಇರಲಿ. ಚಿಲಕ ಎರಡಾದರೂ ಇರಬೇಕು, ಬೆರಳಿನಷ್ಟು ದಪ್ಪ ಇರಬೇಕು. ಕೀಲಿಪಟ್ಟಿಯ ಮೇಲೆ ನೀಲಿ ದೀಪ, ಪರದೆಯ ಮೇಲೆ ಸ್ವಾಗತದ ಅಕ್ಷರ, ಇವಕ್ಕೆ ದುಡ್ಡು ಕೊಡಬೇಡಿ.

ಬೆರಳಚ್ಚಿನ ಮಾದರಿ ಬೇಕೇ ಎಂದು ಬಹಳ ಜನ ಕೇಳುತ್ತಾರೆ. ಪಾತ್ರೆ ತೊಳೆದು, ಬಟ್ಟೆ ಒಗೆದು, ಹೊಲಗೆಲಸ ಮಾಡಿ ಗೆರೆ ಸವೆದ ಬೆರಳನ್ನು ಅಗ್ಗದ ಸೆನ್ಸರ್ ಗುರುತಿಸುವುದಿಲ್ಲ. ವಯಸ್ಸಾದವರಿರುವ ಮನೆಗೆ ನಂಬರಿನದೇ ವಾಸಿ.

ಅಳತೆಯ ವಿಷಯದಲ್ಲಿ ಆಗುವ ತಪ್ಪು ಒಂದೇ. ಒಡವೆ ಅಂಗಡಿ ಕೊಟ್ಟ ಮಖಮಲ್ ಡಬ್ಬಿಗಳ ಲೆಕ್ಕದಲ್ಲಿ ಲಾಕರ್ ಕೊಳ್ಳುತ್ತಾರೆ. ಒಂದು ನೆಕ್ಲೇಸಿನ ಡಬ್ಬಿ ಉದ್ದಗಲದಲ್ಲಿ ಊಟದ ತಟ್ಟೆಯಷ್ಟಿರುತ್ತದೆ, ಒಳಗಿನ ಒಡವೆ ಒಂದು ಹಿಡಿ. ನಾಲ್ಕು ಡಬ್ಬಿ ಇಟ್ಟರೆ 15 ಲೀಟರಿನ ಲಾಕರ್ ತುಂಬಿತು, ಇನ್ನುಳಿದವು ಬೀರುವಿನ ಬಟ್ಟೆಯ ನಡುವೆಯೇ ಉಳಿದವು. ಒಡವೆಯನ್ನು ಒಂದೊಂದಾಗಿ ಮೆತ್ತನೆಯ ಹತ್ತಿಬಟ್ಟೆಯಲ್ಲಿ ಸುತ್ತಿ ಜಿಪ್ ಪೌಚಿಗೆ ಹಾಕಿದರೆ ಅದೇ ಲಾಕರಿನಲ್ಲಿ ಇಡೀ ಮನೆಯದು ಹಿಡಿಯುತ್ತದೆ. ಮುತ್ತಿನ ಸರ, ಹರಳಿನ ಓಲೆ ಬೇರೆ ಪೌಚಿನಲ್ಲಿರಲಿ, ಚಿನ್ನಕ್ಕೆ ಉಜ್ಜಿ ಗೀರು ಬೀಳುತ್ತದೆ. ಖಾಲಿ ಮಖಮಲ್ ಡಬ್ಬಿಗಳನ್ನು ಕಪಾಟಿನ ಮೇಲೆ ಜೋಡಿಸಿಡಬೇಡಿ. ಅದನ್ನು ನೋಡಿದ ಯಾರಿಗಾದರೂ ಮನೆಯಲ್ಲಿ ಎಷ್ಟು ಒಡವೆ ಇದೆ ಎಂಬ ಪಟ್ಟಿಯೇ ಸಿಕ್ಕಂತೆ. ಅಂಗಡಿಯ ಹೊಳೆಯುವ ಕ್ಯಾರಿಬ್ಯಾಗಿಗೂ ಇದೇ ಮಾತು. ಮದುವೆಗೆ ಒಡವೆ ಕೊಂಡು ಬರುವಾಗ ಹೆಸರು ಅಚ್ಚಾದ ಬ್ಯಾಗನ್ನು ಬಸ್ಸಿನಲ್ಲಿ, ಆಟೋದಲ್ಲಿ ಹಿಡಿದು ಕೂರುವುದಕ್ಕಿಂತ, ಮನೆಯಿಂದಲೇ ತರಕಾರಿಯ ಬಟ್ಟೆಚೀಲ ಒಯ್ದು ಅದರಲ್ಲಿ ಹಾಕಿಕೊಂಡು ಬನ್ನಿ.

ಕೊಂಡ ಲಾಕರ್ ಮನೆಗೆ ಬರುವ ದಿನಕ್ಕೆ ಹೆಚ್ಚು ಗಮನ ಬೇಕು. ರಟ್ಟಿನ ಪೆಟ್ಟಿಗೆಯ ನಾಲ್ಕೂ ಬದಿಗೆ ಲಾಕರಿನ ಚಿತ್ರ, ಮಾದರಿಯ ಹೆಸರು. ಮೇಲೊಂದು ಚೀಟಿಯಲ್ಲಿ ನಿಮ್ಮ ಹೆಸರು, ಮನೆ ನಂಬರ್, ಫೋನ್ ನಂಬರ್. ಅಪಾರ್ಟ್‌ಮೆಂಟಿನ ಸೆಕ್ಯುರಿಟಿ ಕ್ಯಾಬಿನ್ನಿನಲ್ಲಿ ಅದು ಸಂಜೆಯವರೆಗೆ ಕೂತರೆ ಹೋಗಿಬರುವವರೆಲ್ಲ ಓದುತ್ತಾರೆ. ಮನೆಯಲ್ಲಿ ಜನ ಇರುವ ದಿನವೇ ಡೆಲಿವರಿ ಇಟ್ಟುಕೊಳ್ಳಿ. ಅಂಗಡಿಯಿಂದ ತರುವುದಾದರೆ ರಟ್ಟನ್ನು ಅಲ್ಲೇ ಬಿಟ್ಟು, ಹಳೇ ಕಂಬಳಿ ಸುತ್ತಿ ಕಾರಿನಲ್ಲಿ ತನ್ನಿ. ಮನೆಗೆ ಬಂದ ರಟ್ಟನ್ನು ಇಡಿಯಾಗಿ ಗೇಟಿನ ಪಕ್ಕ ಕಸದವರಿಗೆ ಇಡಬಾರದು. ಚೀಟಿ ಕಿತ್ತು, ಅಂಟು ಬಿಡಿಸಿ, ಅಚ್ಚಿರುವ ಬದಿ ಒಳಗಾಗುವಂತೆ ಮಡಚಿ, ತುಂಡು ಮಾಡಿ ಎರಡು ಮೂರು ದಿನಕ್ಕೆ ಹಂಚಿ ಹಾಕಿ. ದೊಡ್ಡ ಟಿವಿ, ಲ್ಯಾಪ್‌ಟಾಪ್ ಬಂದಾಗಲೂ ಹೀಗೇ ಮಾಡಬೇಕು. ಬಾಗಿಲ ಬಳಿಯ ಖಾಲಿ ರಟ್ಟು, ಒಳಗೆ ಹೊಸದೇನು ಬಂದಿದೆ ಎಂದು ಬೀದಿಗೆಲ್ಲ ಹೇಳುತ್ತದೆ.

ಕೆಲವು ಕಂಪನಿಗಳು ಕೂರಿಸಿಕೊಡಲು ತಂತ್ರಜ್ಞರನ್ನು ಕಳಿಸುತ್ತವೆ. ಕಳಿಸಿದರೆ ಒಳ್ಳೆಯದೇ. ಅವರು ಡೆಮೊಗೆ ಹಾಕಿಕೊಟ್ಟ ಕೋಡನ್ನು ಅವರು ಗೇಟು ದಾಟಿದ ಮೇಲೆ ಬದಲಿಸಿ. ಕಾರ್ಖಾನೆಯಿಂದ ಬಂದ ಕೋಡ್ ಕೈಪಿಡಿಯಲ್ಲೇ ಅಚ್ಚಾಗಿರುತ್ತದೆ, ಆ ಮಾದರಿ ಕೊಂಡ ಎಲ್ಲರಿಗೂ ಗೊತ್ತು. ಕೆಲವು ಮಾದರಿಯಲ್ಲಿ ಬಳಕೆಯ ಕೋಡ್ ಬೇರೆ, ಅದು ಮರೆತಾಗ ತೆರೆಯುವ ಮಾಸ್ಟರ್ ಕೋಡ್ ಬೇರೆ. ಜನ ಮೊದಲನೆಯದನ್ನು ಬದಲಿಸಿ ಎರಡನೆಯದನ್ನು ಮರೆಯುತ್ತಾರೆ. ಎರಡನ್ನೂ ಬಾಗಿಲು ತೆರೆದಿಟ್ಟುಕೊಂಡೇ ಬದಲಿಸಿ, ಚಿಲಕ ಹೊರಬಂದ ಸ್ಥಿತಿಯಲ್ಲಿ ಹೊಸ ಕೋಡನ್ನು ಮೂರು ಸಲ ಒತ್ತಿ ನೋಡಿ, ಆಮೇಲೆ ಮುಚ್ಚಿ.

ಕೂರಿಸುವ ಜಾಗ ಯಾವುದು? ಮಲಗುವ ಕೋಣೆಯ ಬೀರು ಎಲ್ಲರಿಗೂ ಮೊದಲು ಹೊಳೆಯುವ ಜಾಗ, ಕಳ್ಳನಿಗೂ ಅದೇ. ಸಾಮಾನಿನ ಕೋಣೆಯ ಕೆಳಅರೆ, ಮಕ್ಕಳ ಪುಸ್ತಕದ ಕಪಾಟಿನ ತಳ, ಇಂಥವು ಮೇಲು. ಕಿಟಕಿಯಿಂದಲೋ ಮುಂಬಾಗಿಲಿನಿಂದಲೋ ನೇರ ಕಾಣಬಾರದು, ದಿನವೂ ಹೊರಗಿನವರು ತೆರೆಯುವ ಕಪಾಟಾಗಿರಬಾರದು. ನೆಲಮಟ್ಟ, ಮೂಲೆ, ಇವೆರಡು ಕಡ್ಡಾಯ. ಎಡಕ್ಕೂ ಹಿಂದಕ್ಕೂ ಗೋಡೆ ತಾಗಿದ್ದರೆ ಹಾರೆ ತೂರಿಸಿ ಮೀಟಲು ಜಾಗವಿರುವುದಿಲ್ಲ. ಎದೆಮಟ್ಟದ ಅರೆಯಲ್ಲಿಟ್ಟರೆ ಇಡೀ ಮೈಭಾರ ಹಾಕಿ ಎಳೆಯಬಹುದು.

ಬೋಲ್ಟ್ ಹಾಕುವಾಗ ಗೋಡೆ ಯಾವುದು ಎಂದು ಮೊದಲು ತಿಳಿದುಕೊಳ್ಳಿ. ಕಾಂಕ್ರೀಟ್ ಗೋಡೆ, ಸಾಲಿಡ್ ಬ್ಲಾಕ್, ಸುಟ್ಟಿಟ್ಟಿಗೆಯ ಒಂಬತ್ತಿಂಚಿನ ಗೋಡೆ ಇವು ಹಿಡಿಯುತ್ತವೆ. ಹಾಲೋ ಬ್ಲಾಕಿನಲ್ಲಿ ಬೋಲ್ಟಿನ ತುದಿ ಪೊಳ್ಳಿಗೆ ಹೋಗಿ ಸುಮ್ಮನೆ ತಿರುಗುತ್ತದೆ. ಗಾಳಿಗುಳ್ಳೆ ತುಂಬಿದ ಹಗುರ ಸಿಮೆಂಟಿನ ಎಎಸಿ ಬ್ಲಾಕು ಬಿಗಿದಷ್ಟೂ ಪುಡಿಯಾಗುತ್ತದೆ. ಕರಾವಳಿಯ ಕೆಂಪುಕಲ್ಲಿನ ಗೋಡೆಯೂ ಮೆದುವೇ. ಈ ಮೂರಕ್ಕೂ ಅಂಟು ತುಂಬಿ ಕೂರಿಸುವ ಕೆಮಿಕಲ್ ಆಂಕರ್ ಬೇಕು, ಇಲ್ಲವೇ ಗೋಡೆಯನ್ನು ನಂಬದೆ ನೆಲಕ್ಕೆ ಬಿಗಿಯಬೇಕು.

ಕ್ರಮ ಹೀಗೆ. ಖಾಲಿ ಲಾಕರನ್ನು ಜಾಗದಲ್ಲಿಟ್ಟು, ಒಳಗಿನ ತೂತುಗಳ ಮೂಲಕ ಮಾರ್ಕರಿನಿಂದ ಗುರುತು ಹಾಕಿ, ಲಾಕರ್ ತೆಗೆಯಿರಿ. ನೆಲದಲ್ಲಿ ಟೈಲ್ಸ್ ಇದ್ದರೆ ಗಾಜು ಮತ್ತು ಟೈಲ್ಸ್ ಕೊರೆಯುವ ಈಟಿಮೊನೆಯ ಬಿಟ್ ಹಾಕಿ, ಡ್ರಿಲ್ಲಿನ ಹ್ಯಾಮರ್ ಆಫ್ ಮಾಡಿ ಟೈಲ್ಸಿನ ದಪ್ಪ ದಾಟಿಸಿ. ಆಮೇಲೆ ಕಾಂಕ್ರೀಟ್ ಕೊರೆಯುವ ಬಿಟ್ ಹಾಕಿ ಹ್ಯಾಮರ್ ಆನ್ ಮಾಡಿ. ಮೊದಲೇ ಹ್ಯಾಮರ್ ಹಾಕಿದರೆ ಟೈಲ್ಸ್ ಮೂಲೆಯಿಂದ ಮೂಲೆಗೆ ಸೀಳುತ್ತದೆ. ಬಿಗಿದಂತೆ ತೂತಿನೊಳಗೆ ಹಿಗ್ಗಿ ಕಚ್ಚುವ ತೋಳಿರುವ ಬೋಲ್ಟಿಗೆ ಫಾಸ್ನರ್ ಎಂದು ಹೆಸರು; ತೂತಿನ ಅಗಲ ಅದರ ಹೊರತೋಳಿನ ದಪ್ಪದಷ್ಟೇ ಇರಬೇಕು. ತೋಳು 10 ಮಿ.ಮೀ. ಇದ್ದರೆ ಬಿಟ್ ಕೂಡ 10 ಮಿ.ಮೀ. ಒಂದು ಸೈಜು ದೊಡ್ಡ ಬಿಟ್ ಹಾಕಿದರೆ ಫಾಸ್ನರ್ ಸಡಿಲವಾಗಿ ಕೈಯಲ್ಲೇ ಎದ್ದು ಬರುತ್ತದೆ. ತೂತಿನ ಆಳ ತೋಳಿಗಿಂತ ಒಂದು ಸೆಂ.ಮೀ. ಹೆಚ್ಚು ಇರಲಿ, ಬಿಟ್ಟಿಗೆ ಆ ಅಳತೆಯಲ್ಲಿ ಟೇಪ್ ಸುತ್ತಿಕೊಳ್ಳಿ. ಒಳಗಿನ ಧೂಳನ್ನು ಊದಿ ತೆಗೆಯದಿದ್ದರೆ ಫಾಸ್ನರ್ ಅರ್ಧಕ್ಕೇ ನಿಲ್ಲುತ್ತದೆ. ಬೋಲ್ಟಿನ ತಲೆಯ ಕೆಳಗೆ ಅಗಲವಾದ ವಾಷರ್ ಹಾಕಿ. ಇಲ್ಲದಿದ್ದರೆ ಎಳೆತ ಬಿದ್ದಾಗ 2 ಮಿ.ಮೀ. ತಗಡು ಹರಿದು ಬೋಲ್ಟ್ ಗೋಡೆಯಲ್ಲೇ ಉಳಿದುಬಿಡುತ್ತದೆ. ಹಿಂದೆ ಎರಡು, ತಳಕ್ಕೆ ಎರಡು, ನಾಲ್ಕೂ ಬೇಕು. ಹಿಂಬದಿಯಲ್ಲಿ ಬಾತ್‌ರೂಮ್ ಇದ್ದರೆ ಗೋಡೆಯೊಳಗೆ ನೀರಿನ ಪೈಪ್ ಹೋಗಿರುತ್ತದೆ, ಸ್ವಿಚ್‌ಬೋರ್ಡಿನ ನೇರ ಮೇಲೆ ಕೆಳಗೆ ವೈರಿನ ಪೈಪ್ ಇರುತ್ತದೆ. ಆ ಎರಡು ಜಾಗ ಬಿಟ್ಟು ಕೊರೆಯಿರಿ.

ಪ್ಲೈವುಡ್ ವಾರ್ಡ್‌ರೋಬಿನಲ್ಲಿ ಕೂರಿಸುವವರು ಒಂದು ವಿಷಯ ಗಮನಿಸಬೇಕು. ವಾರ್ಡ್‌ರೋಬಿನ ಕೆಳಹಲಗೆ ನೆಲಕ್ಕೆ ತಾಗಿರುವುದಿಲ್ಲ, ಕೆಳಗೆ ಸ್ಕರ್ಟಿಂಗಿನ ಎತ್ತರದಷ್ಟು, ಅಂದರೆ ಮೂರು ನಾಲ್ಕು ಇಂಚು, ಖಾಲಿ ಇರುತ್ತದೆ. ಲಾಕರ್ ಜೊತೆ ಬರುವ ಬೋಲ್ಟ್ ಆ ಹಲಗೆಯನ್ನು ಮಾತ್ರ ಹಿಡಿಯುತ್ತದೆ, ನೆಲ ಮುಟ್ಟುವುದಿಲ್ಲ. ಹಲಗೆಗೆ ಬಿಗಿದ ಲಾಕರ್ ಕೀಳಲು ಹಲಗೆ ಮುರಿದರೆ ಆಯಿತು. ಬಡಗಿಯಿಂದ ಲಾಕರಿನ ಅಳತೆಗೆ, ಮುಂದೆ ಅದರ ಬಾಗಿಲು ತೆರೆಯುವಷ್ಟು ಜಾಗವನ್ನೂ ಸೇರಿಸಿ, ಕೆಳಹಲಗೆ ಕತ್ತರಿಸಿಸಿ, ಪೆಟ್ಟಿಗೆಯನ್ನು ನೇರ ನೆಲದ ಮೇಲೇ ಕೂರಿಸುವುದು ಸರಿಯಾದ ದಾರಿ. ಅದರಿಂದ ಇನ್ನೊಂದು ಅನುಕೂಲ: ಲಾಕರ್ ಸ್ವಲ್ಪ ತಗ್ಗಿನಲ್ಲಿ ಕೂರುತ್ತದೆ, ಎದುರು ನಾಲ್ಕು ಜೋಡಿ ಹಾಸಿಗೆ ಹೊದಿಕೆ ಇಟ್ಟರೆ ಕಣ್ಣಿಗೇ ಬೀಳುವುದಿಲ್ಲ. ಬಾಡಿಗೆ ಮನೆಯಾದರೆ ಕೊರೆಯುವ ಮುಂಚೆ ಮಾಲೀಕರ ಒಪ್ಪಿಗೆ ಕೇಳಿ. ಏನು ಕೂರಿಸುತ್ತೀರಿ ಎಂದು ವಿವರ ಕೊಡಬೇಕಾಗಿಲ್ಲ, ಕಪಾಟು ಭದ್ರ ಮಾಡಲು ನಾಲ್ಕು ತೂತು ಎಂದರೆ ಸಾಕು.

ಕೋಡಿನ ವಿಷಯಕ್ಕೆ ಬಂದರೆ, ಹುಟ್ಟಿದ ಇಸವಿ, ಗಾಡಿ ನಂಬರ್ ಬೇಡ ಎಂಬುದು ಎಲ್ಲರಿಗೂ ಗೊತ್ತು. ಗೊತ್ತಿರದ ತೊಂದರೆ ಕೀಲಿಪಟ್ಟಿಯಲ್ಲೇ ಇದೆ. ಅಡುಗೆಮನೆಯಿಂದ, ದೇವರಮನೆಯಿಂದ ನೇರ ಬಂದ ಕೈಯಲ್ಲಿ ಅರಿಶಿನ, ಕುಂಕುಮ, ಎಣ್ಣೆ ಇರುತ್ತದೆ. ಬಿಳಿ ಅಕ್ಷರದ ರಬ್ಬರ್ ಕೀಲಿಗಳ ಅಂಚಿನ ಸಂದಿಯಲ್ಲಿ ಹಳದಿ ಗೆರೆ ಕೂತುಬಿಡುತ್ತದೆ. ಆರು ತಿಂಗಳಾದ ಲಾಕರಿಗೆ ಟಾರ್ಚ್ ಓರೆಯಾಗಿ ಹಿಡಿದು ನೋಡಿ: ಹತ್ತು ಅಂಕಿಗಳಲ್ಲಿ ನಾಲ್ಕು ಮಾತ್ರ ಮಂಕಾಗಿ, ಅಂಚು ಹಳದಿಗಟ್ಟಿ ಕಾಣುತ್ತವೆ, ಉಳಿದ ಆರು ಹೊಸದರಂತೆ. ನಾಲ್ಕಂಕಿಯ ಕೋಡಿಗೆ 10,000 ಸಾಧ್ಯತೆಗಳು. ಯಾವ ನಾಲ್ಕು ಅಂಕಿ ಎಂದು ಗೊತ್ತಾದ ಮೇಲೆ ಉಳಿಯುವುದು 24. ಮೂರು ಸಲ ತಪ್ಪಿದರೆ ಐದು ನಿಮಿಷ ಮುಷ್ಕರ ಹೂಡುವ ಲಾಕರೇ ಆದರೂ, ಊರಿಗೆ ಹೋದವರ ಮನೆಯಲ್ಲಿ 24 ಸಲ ಒತ್ತಲು ಒಂದು ಗಂಟೆ ಸಾಕು. ಅದೇ ನಾಲ್ಕು ಅಂಕಿಗಳನ್ನು ಬಳಸಿ ಆರಂಕಿಯ ಕೋಡ್ ಮಾಡಿದರೆ ಸಾಧ್ಯತೆಗಳು 1,560ಕ್ಕೆ ಏರುತ್ತವೆ. ಆದ್ದರಿಂದ ಆರಂಕಿ ಇರಲಿ, ಆರು ತಿಂಗಳಿಗೊಮ್ಮೆ ಬೇರೆ ಅಂಕಿಗಳಿಗೆ ಬದಲಾಗಲಿ, ಪ್ರತಿ ಸಲ ಮುಚ್ಚಿದ ಮೇಲೆ ಒಣಬಟ್ಟೆಯಿಂದ ಇಡೀ ಪಟ್ಟಿ ಒರೆಸಿ.

ಕೀಲಿ ಒತ್ತಿದಾಗ ಬರುವ ಬೀಪ್ ಸದ್ದನ್ನು ನಿಲ್ಲಿಸುವ ಸೌಲಭ್ಯ ಇದೆಯೇ ಎಂದು ಕೊಳ್ಳುವಾಗಲೇ ಕೇಳಿ. ಮಧ್ಯಾಹ್ನದ ನಿಶ್ಶಬ್ದದಲ್ಲಿ ಆ ಸದ್ದು ಪಕ್ಕದ ಕೋಣೆಗೂ, ಕಿಟಕಿ ತೆರೆದಿದ್ದರೆ ಓಣಿಗೂ ಕೇಳುತ್ತದೆ. ಆರು ಬೀಪ್ ಆದಮೇಲೆ ಮೋಟಾರಿನ ಸದ್ದು ಬಂದರೆ ಒಳಗೆ ಏನಾಗುತ್ತಿದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ತುರ್ತು ಕೀಲಿ ಈ ಪೆಟ್ಟಿಗೆಯ ಅತಿ ದುರ್ಬಲ ಭಾಗ. ಎಷ್ಟು ಅಂಕಿಯ ಕೋಡ್ ಹಾಕಿದರೂ, ಮುಂದಿನ ಪುಟ್ಟ ಮುಚ್ಚಳದ ಕೆಳಗೊಂದು ಬೀಗದ ಕಣ್ಣಿದೆ, ಎರಡು ಕೀಲಿ ಜೊತೆಯಲ್ಲೇ ಬರುತ್ತವೆ. ಅವನ್ನು ಇಡುವುದು ಸಾಮಾನ್ಯವಾಗಿ ಎಲ್ಲಿ? ದೇವರ ಪಟದ ಹಿಂದೆ, ಅದೇ ಬೀರುವಿನ ಡ್ರಾಯರಿನಲ್ಲಿ, ಇಲ್ಲವೇ ಮನೆಯ ಕೀಲಿಗೊಂಚಲಿನಲ್ಲಿ. ಮೂರೂ ಮೊದಲು ತಡಕುವ ಜಾಗಗಳೇ. ಒಂದನ್ನು ಬ್ಯಾಂಕ್ ಲಾಕರಿನಲ್ಲಿ, ಇನ್ನೊಂದನ್ನು ಇನ್ನೊಂದು ಮನೆಯಲ್ಲಿರುವ ಅಕ್ಕನ ಬಳಿಯೋ ಅಣ್ಣನ ಬಳಿಯೋ ಇಡಿ. ಮರೆತೂ ಲಾಕರಿನ ಒಳಗೇ ಇಡಬೇಡಿ. ಸೆಲ್ ಸತ್ತ ದಿನ ಅದು ಒಳಗಿದ್ದು ಫಲವಿಲ್ಲ. ಕೀಲಿಯ ಮೇಲೆ ಕೆತ್ತಿದ ನಂಬರನ್ನು ಫೋಟೋ ತೆಗೆದು ಯಾರಿಗೂ ಕಳಿಸಬಾರದು.

ಸೆಲ್ ಎಂದರೆ ನಾಲ್ಕು ಪೆನ್ಸಿಲ್ ಸೆಲ್, ಆಲ್ಕಲೈನ್ ಜಾತಿಯವೇ ಬೇಕು. ಗೋಡೆ ಗಡಿಯಾರಕ್ಕೆ ಹಾಕುವ ಅಗ್ಗದ ಸೆಲ್ಲಿಗೆ ಮೋಟಾರ್ ಎಳೆಯುವ ಕಸುವಿಲ್ಲ, ಅರ್ಧ ಚಿಲಕ ಎಳೆದು ನಿಲ್ಲಿಸಿಬಿಡುತ್ತದೆ. ಯುಗಾದಿಗೆ ಒಂದು ಸಲ, ಕೆಟ್ಟಿರಲಿ ಬಿಡಲಿ, ನಾಲ್ಕನ್ನೂ ಒಟ್ಟಿಗೆ ಬದಲಿಸಿ. ಮಲೆನಾಡು, ಕರಾವಳಿಯಲ್ಲಿ ಮಳೆಗಾಲದ ತೇವಕ್ಕೆ ಸೆಲ್ಲಿನ ತುದಿ ಹಸಿರುಗಟ್ಟುತ್ತದೆ, ಪತ್ರಗಳು ಬೂಸ್ಟು ಹಿಡಿಯುತ್ತವೆ. ಸಿಲಿಕಾ ಜೆಲ್ ಪೊಟ್ಟಣ ಒಂದೆರಡು ಹಾಕಿ ತಿಂಗಳಿಗೊಮ್ಮೆ ಬದಲಿಸಿ. ಬೆಂಕಿಗೆ ಈ ಲಾಕರುಗಳು ತಡೆಯುವುದಿಲ್ಲ. ಅಗ್ನಿನಿರೋಧಕ ಎಂದು ಎಷ್ಟು ನಿಮಿಷಕ್ಕೆಂದು ಬರೆದಿರದಿದ್ದರೆ ಉಕ್ಕಿನ ತಗಡಿನೊಳಗಿನ ಕಾಗದ ಸುಟ್ಟು ಕರಿಯಾಗುತ್ತದೆ. ಆಸ್ತಿಪತ್ರದ ಮೂಲಪ್ರತಿಗೆ ಇದು ಜಾಗವಲ್ಲ.

ಹಾಗಾದರೆ ಬ್ಯಾಂಕ್ ಲಾಕರೇ ಮೇಲಲ್ಲವೇ? ಹಬ್ಬಕ್ಕೆ, ಮದುವೆಗೆ ಮಾತ್ರ ಹಾಕುವ ಒಡವೆಗೆ ಹೌದು, ಸಂದೇಹವಿಲ್ಲ. ರಿಸರ್ವ್ ಬ್ಯಾಂಕ್ 2021ರ ಆಗಸ್ಟಿನಲ್ಲಿ ಹೊರಡಿಸಿ 2022ರ ಜನವರಿ 1ರಿಂದ ಜಾರಿಗೆ ತಂದ ನಿಯಮಗಳಂತೆ ಲಾಕರ್ ತೆರೆದ ದಿನವೇ ನಿಮಗೆ ಎಸ್ಸೆಮ್ಮೆಸ್ ಬರಬೇಕು, ಸ್ಟ್ರಾಂಗ್‌ರೂಮಿಗೆ ಹೋಗಿಬರುವವರ ಸಿಸಿಟಿವಿ ದಾಖಲೆ ಕನಿಷ್ಠ 180 ದಿನ ಇರಬೇಕು. ಬ್ಯಾಂಕಿನ ಲೋಪದಿಂದ ಬೆಂಕಿ, ಕಳವು, ದರೋಡೆ, ಕಟ್ಟಡ ಕುಸಿತವಾದರೆ ಅಥವಾ ಸಿಬ್ಬಂದಿಯೇ ವಂಚಿಸಿದರೆ ವಾರ್ಷಿಕ ಬಾಡಿಗೆಯ ನೂರು ಪಟ್ಟಿನವರೆಗೆ ಹೊಣೆ ಬ್ಯಾಂಕಿನದು. ಬಾಡಿಗೆ 3,000 ರೂಪಾಯಿ ಇದ್ದರೆ ಮಿತಿ 3 ಲಕ್ಷ. ಒಳಗಿರುವುದು ಅದಕ್ಕಿಂತ ಎಷ್ಟು ಹೆಚ್ಚು ಎಂದು ಅವರವರೇ ಲೆಕ್ಕ ಹಾಕಿಕೊಳ್ಳಬೇಕು. ದಿನಾ ಹಾಕುವ ಬಳೆ, ಓಲೆ, ಸ್ವಲ್ಪ ನಗದು, ಪಾಸ್‌ಪೋರ್ಟ್ ಇಷ್ಟಕ್ಕೆ ಮನೆಯ ಲಾಕರ್, ಉಳಿದದ್ದಕ್ಕೆ ಬ್ಯಾಂಕ್. ಇದೇ ನಾವು ಒಪ್ಪುವ ಹಂಚಿಕೆ.

ವಿಮೆಯ ಬಗ್ಗೆಯೂ ಒಂದು ತಪ್ಪು ನಂಬಿಕೆಯಿದೆ. 2021ರ ಏಪ್ರಿಲಿನಿಂದ ಎಲ್ಲ ಕಂಪನಿಗಳೂ ಮಾರುವ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ಕಳವು ಸೇರಿದೆ ಎಂದು ಬಹಳ ಜನ ಭಾವಿಸುತ್ತಾರೆ. ಅದರ ಮೂಲ ರಕ್ಷಣೆಯಲ್ಲಿರುವುದು ಬೆಂಕಿ, ಪ್ರವಾಹದಂಥ ಅವಘಡವಾಗಿ ಏಳು ದಿನದೊಳಗೆ ಅದೇ ಕಾರಣದಿಂದ ಆದ ಕಳವು ಮಾತ್ರ. ಬೀಗ ಮುರಿದು ಕದ್ದದ್ದಕ್ಕೆ ಕನ್ನಗಳವಿನ ವಿಮೆ ಬೇರೆಯಾಗಿ ಕೇಳಿ ತೆಗೆದುಕೊಳ್ಳಬೇಕು, ಒಡವೆಯನ್ನು ಅದರಲ್ಲಿ ಹೆಸರಿಸಿ ಬರೆಸಬೇಕು. ಪ್ರತಿ ಒಡವೆಯ ಬಿಲ್ಲು, ತೂಕ, ಎರಡು ಬದಿಯ ಫೋಟೋ ಬೇರೆ ಕಡೆ ಇರಲಿ. ಪೊಲೀಸ್ ದೂರಿಗೂ ಅದೇ ಬೇಕು.

ಲಾಕರ್ ಎಷ್ಟೇ ಬಿಗಿಯಾಗಿರಲಿ, ಮನೆ ಖಾಲಿ ಎಂದು ಹೊರಗೆ ಗೊತ್ತಾದರೆ ಕಳ್ಳನಿಗೆ ಸಮಯ ಸಿಗುತ್ತದೆ. ಈ ಪೆಟ್ಟಿಗೆ ಅವನನ್ನು ತಡೆಯುವುದು ಸ್ವಲ್ಪ ಹೊತ್ತು ಮಾತ್ರ. ದಿನಾ ರಂಗೋಲಿ ಬೀಳುವ ಬಾಗಿಲಿನಲ್ಲಿ ಎರಡು ದಿನ ಸಾರಿಸಿಲ್ಲದಿದ್ದರೆ ಬೀದಿಗೆಲ್ಲ ತಿಳಿಯುತ್ತದೆ. ಪಕ್ಕದ ಮನೆಯವರಿಗೆ ಹೇಳಿ ಎರಡೆಳೆ ಹಾಕಿಸಿ, ಹಾಲು ಪೇಪರ್ ನಿಲ್ಲಿಸಿ. ಗ್ರಿಲ್ಲಿಗೆ ಹೊರಗಿನಿಂದ ದೊಡ್ಡ ಬೀಗ ನೇತುಹಾಕುವ ಬದಲು ಬಾಗಿಲೊಳಗೇ ಕೂರುವ ಬೀಗ ಬಳಸಿ. ಠಾಣೆಗೆ ತಿಳಿಸಿ ಹೋದರೆ ಬೀಟಿನವರು ಒಂದು ಕಣ್ಣಿಡುತ್ತಾರೆ. ಧರ್ಮಸ್ಥಳದ ಫೋಟೋ, ಮದುವೆಮನೆಯಲ್ಲಿ ಒಡವೆ ಹಾಕಿಕೊಂಡ ಫೋಟೋ ಸ್ಟೇಟಸ್ಸಿಗೆ ಹಾಕುವುದು ಮನೆಗೆ ಮರಳಿದ ಮೇಲೆ. ಗೃಹಪ್ರವೇಶದ ವಿಡಿಯೋದಲ್ಲಿ ವಾರ್ಡ್‌ರೋಬ್ ತೆರೆದು ತೋರಿಸಿದ ತುಣುಕಿದ್ದರೆ ಅಳಿಸಿಬಿಡಿ, ಅದರಲ್ಲಿ ಲಾಕರಿನ ಮೂಲೆ ಕಂಡೇ ಕಾಣುತ್ತದೆ.

ಮನೆ ಬದಲಿಸುವಾಗ ಲಾಕರನ್ನು ಪ್ಯಾಕರ್ಸಿನವರ ಪಟ್ಟಿಯಲ್ಲಿ ಬರೆಸಬೇಡಿ. ಹಿಂದಿನ ದಿನವೇ ಒಡವೆಯನ್ನು ಬ್ಯಾಂಕಿಗೆ ಸಾಗಿಸಿ, ನಾಲ್ಕು ಬೋಲ್ಟ್ ಬಿಚ್ಚಿ, ಖಾಲಿ ಪೆಟ್ಟಿಗೆಯನ್ನು ಅಡುಗೆ ಪಾತ್ರೆಯ ರಟ್ಟಿನಲ್ಲಿ ತುಂಬಿ ಸ್ವಂತ ಗಾಡಿಯಲ್ಲಿ ಒಯ್ಯಿರಿ. ಗೋಡೆಯಲ್ಲಿ ಉಳಿದ ತೋಳುಗಳನ್ನು ಒಳಕ್ಕೆ ಬಡಿದು ವೈಟ್ ಸಿಮೆಂಟ್ ತುಂಬಿ. ಹೊಸ ಮನೆಗೆ ಹೊಸ ಫಾಸ್ನರ್ ಬೇಕು, ಹಳೆಯವು ಎರಡನೇ ಸಲ ಅಷ್ಟು ಬಿಗಿಯಾಗಿ ಹಿಡಿಯುವುದಿಲ್ಲ.